ಪದಚರ್ಚೆ: ‘ರೆಕ್ವಿಯೆಮ್’ – ಚರಮಗೀತೆಯೇ?

ಗೆಳೆಯರೇ,

ಫ್ರೆಂಚ್ ಸಂಗೀತಕಾರ ಗೇಬ್ರಿಯಲ್ ಫೋರೆಯ ‘ರೆಕ್ವಿಯೆಮ್’ನ, ಅಂದರೆ ಮೃತರಿಗಾಗಿ ಕಥೊಲಿಕರು ನಡೆಸುವ ಪೂಜೆಯ ಗಾಯನಕೃತಿಯ, ಹೊಸ ಧ್ವನಿಮುದ್ರಣವೊಂದನ್ನು ಒಂದು ವಾರದಿಂದ ಕೇಳುತ್ತಿದ್ದೇನೆ. ದೊಡ್ಡ ವಾದ್ಯವೃಂದದ 1900ರ ರೂಪವಲ್ಲ, ಅದಕ್ಕೂ ಹಿಂದಿನ ಸಣ್ಣ ಮೇಳದ್ದು. ಅದರಲ್ಲಿ ಪಿಟೀಲು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಪಿಟೀಲಿನ ದೊಡ್ಡಣ್ಣಂದಿರಾದ ವಿಯೋಲ, ಚೆಲ್ಲೋಗಳ ತಗ್ಗು ದನಿಯ ಮೇಲೆ ಹಾಡು ನಿಂತಿದೆ. ‘ಸಾಂಕ್ಟುಸ್’ (‘ಪವಿತ್ರ’) ಎಂಬ ಭಾಗದಲ್ಲಿ ಒಂದೇ ಒಂದು ಪಿಟೀಲು ಮೇಲಕ್ಕೇಳುತ್ತದೆ. ಸಂಗೀತ ಕೇಳುವ ನಮ್ಮ ಸಣ್ಣ ಗುಂಪಿಗಾಗಿ ಇದರ ಲ್ಯಾಟಿನ್ ಸಾಲುಗಳನ್ನು ಕನ್ನಡಕ್ಕೆ ತರಲು ಕೂತವನು ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ.

‘ಚರಮಗೀತೆ’ ಎನ್ನುವ ರೂಢಿ ಇದೆ. ನನಗೆ ಅದು ಒಗ್ಗುತ್ತಿಲ್ಲ. ಪತ್ರಿಕೆಗಳು ‘ಕೆರೆಗಳಿಗೆ ಚರಮಗೀತೆ’, ‘ಯೋಜನೆಗೆ ಚರಮಗೀತೆ’ ಎಂದು ಬರೆದೂ ಬರೆದೂ ಆ ಪದಕ್ಕೆ ‘ಕಥೆ ಮುಗಿಸು’ ಎಂಬ ವ್ಯಂಗ್ಯ ಅಂಟಿಬಿಟ್ಟಿದೆ. (ಚರಮಶ್ಲೋಕದ ದಾರಿಯೇ ಬೇರೆ. ಶ್ರೀವೈಷ್ಣವರಿಗೆ ಅದು ಗೀತೆಯ ‘ಮಾ ಶುಚಃ’, ಅಳಬೇಡ ಎನ್ನುವ ಶ್ಲೋಕ. ಫೋರೆಗೆ ಅದೇ ಹೆಚ್ಚು ಹತ್ತಿರ!) ‘ಶೋಕಗೀತೆ’ಯಂತೂ ಸಲ್ಲದು. ವೆರ್ದಿ, ಬೆರ್ಲಿಯೋಸ್ ತಮ್ಮ ರೆಕ್ವಿಯೆಮ್‌ಗಳಲ್ಲಿ ಗುಡುಗಿಸಿದ ‘ಡಿಯೆಸ್ ಇರೆ’, ಅಂದರೆ ದೇವರ ಕೋಪದ ದಿನದ ದೀರ್ಘ ಪದ್ಯವನ್ನು ಫೋರೆ ಬಿಟ್ಟೇಬಿಟ್ಟ. ಅದರ ಕಡೆಯ ‘ಪಿಯೆ ಯೇಸು’ (ಕರುಣಾಳು ಯೇಸುವೇ) ಸಾಲುಗಳನ್ನಷ್ಟೇ ಉಳಿಸಿಕೊಂಡ. ಇದನ್ನು ಸಾವಿನ ಜೋಗುಳ ಎಂದು ಯಾರೋ ಕರೆದಿದ್ದರು, ಫೋರೆ ಬೇಡವೆನ್ನಲಿಲ್ಲ.

ಹಾಗಾದರೆ ಹೆಸರನ್ನು ಇದ್ದಂತೆಯೇ ಬಿಡೋಣವೇ? ಅದಕ್ಕೊಂದು ಒಳ್ಳೆಯ ಆಧಾರ ನಮ್ಮಲ್ಲೇ ಇದೆ. ಮೃತರ ಬಲಿಪೂಜೆಯ ಮೊದಲ ಸಾಲು ‘ರೆಕ್ವಿಯೆಮ್ ಎಟೆರ್ನಾಮ್’ (ನಿತ್ಯ ವಿಶ್ರಾಂತಿಯನ್ನು) ಎಂದು ಶುರುವಾಗುತ್ತದೆ. ಮೊದಲ ಪದವೇ ಇಡೀ ಕೃತಿಯ ಹೆಸರಾಯಿತು. ‘ರೆಕ್ವಿಯೆಸ್’ ಅಂದರೆ ವಿಶ್ರಾಂತಿ, ‘ರೆಕ್ವಿಯೆಮ್’ ಅದರ ದ್ವಿತೀಯಾ ವಿಭಕ್ತಿ: ‘ವಿಶ್ರಾಂತಿಯನ್ನು’. ಕೇನೋಪನಿಷತ್ತಿನ ಹೆಸರು ಬಂದದ್ದೂ ಹೀಗೆಯೇ. ‘ಕೇನ’ ಮೊದಲ ಪದ, ಅದೂ ತೃತೀಯಾ ವಿಭಕ್ತಿಯಲ್ಲಿ. ಅದನ್ನು ‘ಯಾರಿಂದ ಉಪನಿಷತ್ತು’ ಎಂದು ಯಾರೂ ಕನ್ನಡಿಸಿಲ್ಲವಲ್ಲ!

ಇಷ್ಟಕ್ಕೇ ಮುಗಿದಿದ್ದರೆ ನಿಮ್ಮನ್ನು ಕಾಡುತ್ತಿರಲಿಲ್ಲ. ಫೋರೆಯ ಕೃತಿಯ ಮೊದಲ ಪದವೂ ‘ರೆಕ್ವಿಯೆಮ್’, ಕಟ್ಟಕಡೆಯ ಪದವೂ ‘ರೆಕ್ವಿಯೆಮ್’. ಕೊನೆಯ ಭಾಗ ‘ಇನ್ ಪಾರಡೀಸುಮ್’ (ಸ್ವರ್ಗದೊಳಕ್ಕೆ) ಪೂಜೆಯದಲ್ಲ, ದೇಹವನ್ನು ಮಣ್ಣಿಗೆ ಒಯ್ಯುವಾಗಿನ ಪಠ್ಯ. ಹೊಸ ಮುದ್ರಣದಲ್ಲಿ ಆ ಕಡೆಯ ಪದ ಎಷ್ಟು ಮೆಲ್ಲಗೆ ಬರುತ್ತದೆಂದರೆ, ನಿಂತದ್ದು ಹಾಡೋ ನನ್ನ ಕಿವಿಯೋ ತಿಳಿಯುವುದಿಲ್ಲ. ತಲೆಬರಹವನ್ನು ಲ್ಯಾಟಿನ್ನಲ್ಲೇ ಬಿಟ್ಟು ಒಳಗೆ ಮಾತ್ರ ಕನ್ನಡ ಹಾಕಿದರೆ ಈ ಕೊಂಡಿ ಕಳಚಿಹೋಗುತ್ತದೆ.

ಹಾಗಾಗಿ ಒಂದೇ ಪದ ಮೂರೂ ಕಡೆ ನಿಲ್ಲಬೇಕು. ಕನ್ನಡ ಕ್ರೈಸ್ತರ ‘ನಿತ್ಯವಿಶ್ರಾಂತಿ’ ಸರಿಯಾದದ್ದೇ, ಬಳಕೆಯಲ್ಲಿರುವುದೇ. ಆದರೆ ವೈದ್ಯರ ಚೀಟಿಯಲ್ಲೂ ಬಸ್ ನಿಲ್ದಾಣದ ಕೋಣೆಯ ಫಲಕದಲ್ಲೂ ಕಂಡ ‘ವಿಶ್ರಾಂತಿ’ ನನ್ನಂಥವನ ಕಿವಿಗೆ ಸವೆದಿದೆ. ‘ಚಿರಶಾಂತಿ’ ಶ್ರದ್ಧಾಂಜಲಿ ಬ್ಯಾನರಿನದು. ‘ಸದ್ಗತಿ’ಯಲ್ಲಿ ನಡೆ ಇದೆ, ನಿಲುಗಡೆ ಇಲ್ಲ. ನನಗೆ ಹಿಡಿಸಿದ್ದು ‘ದಣಿವಾರು’. ಆಗ ಪೂಜೆಯ ಮೊದಲ ಸಾಲುಗಳು ಹೀಗಾಗುತ್ತವೆ: ‘ಇವರ ದಣಿವಾರಲಿ ಪ್ರಭುವೇ, ಆರದ ಬೆಳಕು ಇವರ ಮೇಲಿರಲಿ’. ಆರುವ ದಣಿವು, ಆರದ ಬೆಳಕು: ಇದು ತಾನಾಗಿ ಒದಗಿಬಂತು. ಆದರೆ ನಾಮಪದ ಮಾಡಹೊರಟರೆ ‘ನಿತ್ಯ ದಣಿವಾರಿಕೆ’ ಎಂದಾಗಿ ಎಳನೀರಿನ ಜಾಹೀರಾತಿನಂತೆ ಕೇಳುತ್ತದೆ.

ಬರವಣಿಗೆಯ ಬಗ್ಗೆಯೂ ಒಂದು ಮಾತು. ಈ ಗಾಯಕರು ಫ್ರೆಂಚರ ಹಳೆಯ ರೂಢಿಯಂತೆ ಲ್ಯಾಟಿನ್ ಉಚ್ಚರಿಸುತ್ತಾರೆ. ‘ಯೇಸು’ ಎನ್ನುವಲ್ಲಿ ‘ಝೇಜ಼್ಯು’ ಎಂಬಂತೆ ಕೇಳುತ್ತದೆ. 1888ರ ಜನವರಿ 16ರಂದು ಪ್ಯಾರಿಸಿನ ಮದ್ಲೆನ್ ಚರ್ಚಿನಲ್ಲಿ ಇದನ್ನು ಮೊದಲು ಹಾಡಿದ ಹುಡುಗರೂ ಹೀಗೇ ಉಚ್ಚರಿಸಿರಬೇಕು. ಕನ್ನಡದಲ್ಲಿ ಕಿವಿಗೆ ಬಿದ್ದಂತೆ ಬರೆಯಲೋ, ರೂಢಿಯ ‘ಯೇಸು’ವನ್ನೇ ಉಳಿಸಲೋ? ನಾನು ಯೇಸುವಿನ ಕಡೆಗೇ ವಾಲಿದ್ದೇನೆ.

‘ದಣಿವಾರು’ವಿಗೆ ಹೊಂದುವ ನಾಮಪದ ನಿಮ್ಮ ಕಡೆಯ ಮಾತಿನಲ್ಲಿ ಇದ್ದರೆ ತಿಳಿಸಿ. ಕರಾವಳಿಯವರ ಅಥವಾ ಧಾರವಾಡದ ಕಡೆಯವರ ಬಾಯಲ್ಲಿ ಏನಾದರೂ ಇದ್ದೀತೆಂದು ಆಸೆ.