ಪುಟಿಯುವ ಅನ್ನ ಮತ್ತು ಕುಲಕರ್ಣಿಯವರ ಭಾವ

"ಅನ್ನ ಚೆಂಡಿನ ಹಾಗೆ ಪುಟಿದರೆ ಅದು ಪ್ಲಾಸ್ಟಿಕ್ ಅಂತೆ ಮಾರಾಯ್ರೆ. ನಾನೇನು ಹೋಟೆಲ್ ನಡೆಸ್ತಿದ್ದೇನಾ, ಕ್ರಿಕೆಟ್ ಕೋಚಿಂಗಾ?" ಅಂದರು ಶೆಟ್ರು.

ಮಾಟುಂಗಾದ ಅವರ ಹೋಟೆಲಲ್ಲಿ ಭಾನುವಾರ ಮೂರು ಗಂಟೆ ಮೇಲೆ ಗಿರಾಕಿ ಕಡಿಮೆ. ಗಲ್ಲಾದ ಪಕ್ಕದ ಟೇಬಲ್ ಆಗ ನಮ್ಮದು. ಅವತ್ತು ಇದ್ದವರು ಶೆಟ್ರು, ಬ್ಯಾಂಕಿನಿಂದ ರಿಟೈರಾದ ಧಾರವಾಡದ ಕುಲಕರ್ಣಿ, ಇಲ್ಲೇ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಸುಮಿತ್ರಕ್ಕ, ಅಂಧೇರಿಯ ಜಾಹೀರಾತು ಕಂಪನಿಯ ಪ್ರಸಾದ, ಮತ್ತೆ ನಾನು.

ನಡೆದದ್ದು ಇಷ್ಟು. ಒಬ್ಬ ಗಿರಾಕಿ ರೈಸ್ ಪ್ಲೇಟ್ ತಗೊಂಡ. ಪೂರಿ ತಿಂದ, ಪಲ್ಯ ತಿಂದ, ಎರಡನೇ ಸಲ ಹಪ್ಪಳ ಕೇಳಿ ಅದನ್ನೂ ತಿಂದ. ಕೊನೆಗೆ ಅನ್ನವನ್ನು ಮುಷ್ಟಿಯಲ್ಲಿ ಒತ್ತಿ ಒತ್ತಿ ಉಂಡೆ ಮಾಡಿ, ಎಡಗೈಯಲ್ಲಿ ಮೊಬೈಲ್ ಹಿಡಿದು, ಟೇಬಲ್ ಮೇಲೆ ಕುಕ್ಕಿದ. ಉಂಡೆ ಪುಟಿಯಿತು. ಅವನಿಗೆ ಹುರುಪು ಬಂದು ಇನ್ನೊಂದು ಸಲ ಜೋರಾಗಿ ಕುಕ್ಕಿದ. ಅದು ಹಾರಿ ಪಕ್ಕದವರ ಸಾಂಬಾರ್ ಬಟ್ಟಲಿಗೆ ಬಿತ್ತು. ಪಕ್ಕದವರದ್ದು ಬಿಳಿ ಶರ್ಟು.

"ಬಿಲ್ ಕೊಡಲ್ಲ ಅಂದ. ವಿಡಿಯೋ ಇದೆ ಅಂದ. ಆ ಬಿಳಿ ಶರ್ಟಿನವರು ಅವನ ಕಾಲರ್ ಹಿಡಿದ ಮೇಲೆ ಕೊಟ್ಟ."

ಪ್ಲಾಸ್ಟಿಕ್ ಅಕ್ಕಿಯ ಗುಲ್ಲು 2017ರಲ್ಲಿ ಜೋರಾಗಿ ಎದ್ದದ್ದು, ಇನ್ನೂ ಮಲಗಿಲ್ಲ. ಯಾವ ಅನ್ನವನ್ನಾದರೂ ಬಿಗಿಯಾಗಿ ಉಂಡೆ ಕಟ್ಟಿದರೆ ಗಂಜಿ ಅಂಶ ಅಂಟಿಕೊಂಡು ಒಳಗೆ ಗಾಳಿ ಸಿಕ್ಕಿ ಪುಟಿಯುತ್ತದೆ, ನಮ್ಮ ಅಜ್ಜಿ ಮಾಡಿದ್ದೂ ಪುಟಿಯುತ್ತಿತ್ತು, ಆದರೆ ಅಜ್ಜಿ ಎದುರು ಅನ್ನ ಕುಕ್ಕಿ ನೋಡುವ ಧೈರ್ಯ ಯಾರಿಗಿತ್ತು.

"ಹಾಗಾದ್ರೆ ಪ್ಲಾಸ್ಟಿಕ್ ಮೊಟ್ಟೆ ಅಂತ ಹೋದ ತಿಂಗಳು ಗ್ರೂಪಿಗೆ ಹಾಕಿದ್ದು ಯಾರು ಶೆಟ್ರೇ?" ಅಂತ ಪ್ರಸಾದ ಕೇಳಿದ.

"ಅದು ಇರಬಹುದು ಮಾರಾಯ. ನಮ್ಮದು ವೆಜ್ ಹೋಟೆಲ್."

ಇದಕ್ಕಿಂತ ಚೆನ್ನಾಗಿ ಯಾವ ಪ್ರೊಫೆಸರೂ ಹೇಳಲಾರರು ಅನಿಸಿತು ನನಗೆ. ನಮ್ಮ ಗಲ್ಲಾಕ್ಕೆ ಪೆಟ್ಟು ಬಿದ್ದರೆ ಅದು ಸುಳ್ಳು ಸುದ್ದಿ, ಪಕ್ಕದವನ ಗಲ್ಲಾಕ್ಕೆ ಬಿದ್ದರೆ "ಇರಬಹುದು".

ಪ್ರಸಾದ ಎಲ್ಲ ತಪ್ಪನ್ನೂ ಮೊಬೈಲಿನ ಮೇಲೆ ಹಾಕಿದ. ಸುಮಿತ್ರಕ್ಕ ಒಪ್ಪಲಿಲ್ಲ. "1995ರ ಸೆಪ್ಟೆಂಬರ್ 21ಕ್ಕೆ ನೀನು ತೊಟ್ಟಿಲಲ್ಲಿದ್ದೆಯೋ ಏನೋ. ಅವತ್ತು ಗಣಪತಿ ಹಾಲು ಕುಡಿದ. ಬೆಳಿಗ್ಗೆ ದೆಹಲಿಯಲ್ಲಿ ಶುರುವಾದದ್ದು ಅದೇ ದಿನ ಲಂಡನ್ ತನಕ ಹೋಯ್ತು. ಯಾವ ವಾಟ್ಸಾಪು? ಎಸ್‌ಟಿಡಿ ಬೂತಿನಲ್ಲಿ ಕ್ಯೂ ನಿಂತು, ದುಡ್ಡು ಕೊಟ್ಟು ಹಬ್ಬಿಸಿದ್ದು ಅದು."

"ನಾನಾಗ ಮಾವನ ಹೋಟೆಲಲ್ಲಿ. ಮಧ್ಯಾಹ್ನಕ್ಕೆ ಕಾಫಿಗೆ ಹಾಲಿಲ್ಲ. ಗಣಪ ಕುಡಿದದ್ದು ಚಮಚ, ಕಾಲಡಿ ಹರಿದದ್ದು ಲೀಟರ್" ಅಂದರು ಶೆಟ್ರು. ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ತೋರಿಸಿದ್ದೂ ಅದನ್ನೇ. ಹಾಲು ಮೂರ್ತಿಯ ಮೇಲೆ ತೆಳ್ಳಗೆ ಪದರವಾಗಿ ಇಳಿಯುತ್ತದೆ, ಬಿಳಿ ಕಲ್ಲಿನ ಮೇಲೆ ಬಿಳಿ ಹಾಲು ಕಾಣುವುದಿಲ್ಲ, ಅಷ್ಟೇ.

2006ರ ಆಗಸ್ಟಿನಲ್ಲಿ ಮಾಹಿಮ್‌ನಲ್ಲಿ ಸಮುದ್ರದ ನೀರು ಸಿಹಿಯಾಯಿತು ಅಂತ ಜನ ಬಾಟಲಿ ತುಂಬಿಕೊಂಡರು. ಅಲ್ಲಿ ಮೀಠಿ ನದಿ ಸೇರುತ್ತದೆ. ಮೀಠಿ ಏನೇನು ಹೊತ್ತು ತರುತ್ತದೆ ಅಂತ ಮುಂಬೈಯವರಿಗೆ ಹೇಳಬೇಕಾಗಿಲ್ಲ. ಕುಡಿಯಬೇಡಿ ಅಂತ ಮುನ್ಸಿಪಾಲಿಟಿ ಕೂಗಿಕೊಂಡರೂ ಕೇಳಿದವರು ಎಷ್ಟು ಮಂದಿ?

"ನಮ್ಮ ಕಡೆ 'ನಾಳೆ ಬಾ' ಇತ್ತಲ್ಲ" ಅಂದರು ಕುಲಕರ್ಣಿ.

ಸುಮಿತ್ರಕ್ಕನ ಮುಖ ಅರಳಿತು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ತಂಗಿ ಮನೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದನ್ನು ಅವರು ಕಣ್ಣಾರೆ ಕಂಡವರು. ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತದೆ, ಬರಹ ಓದಿ, ನಾಳೆ ಬರೋಣ ಅಂತ ವಾಪಸ್ ಹೋಗುತ್ತದೆ. "ಇಲ್ಲಿ ನನ್ನ ಕ್ಲಾಸಿಗೆ ಕನ್ನಡ ಓದುವ ಮಕ್ಕಳೇ ಸಿಗ್ತಿರಲಿಲ್ಲ. ಅಲ್ಲಿ ದೆವ್ವಕ್ಕೂ ಓದೋಕೆ ಬರ್ತಿತ್ತು!"

ನಗು ನಿಂತ ಮೇಲೆ ಪ್ರಸಾದ ತನ್ನ ಪಾಯಿಂಟಿಗೆ ಬಂದ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಓಡಾಡಿದ ಸುಮಾರು 1,26,000 ಸುದ್ದಿಗಳನ್ನು ಜಾಲಾಡಿ 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. 1,500 ಜನರನ್ನು ಮುಟ್ಟಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೊತ್ತು ಬೇಕಾಯಿತಂತೆ. ರೋಬೋಟ್ ಖಾತೆಗಳನ್ನು ತೆಗೆದು ಲೆಕ್ಕ ಹಾಕಿದರೂ ಸುಳ್ಳೇ ಮುಂದೆ. ಅಂದರೆ ಓಡಿಸಿದ್ದು ಮನುಷ್ಯರೇ. ಸುಳ್ಳಿನಲ್ಲಿ ಹೊಸತು ಜಾಸ್ತಿ, ಅದಕ್ಕೆ.

"ನಿಜ ಮನೆಯಲ್ಲೇ ಇರ್ತದ, ಅದನ್ನೇನು ಹೇಳೂದು" ಅಂದರು ಕುಲಕರ್ಣಿ.

ಈ ಕುಲಕರ್ಣಿಯವರ ಬಗ್ಗೆ ಸ್ವಲ್ಪ ಹೇಳಬೇಕು. ದಿನಕ್ಕೆ ಇಷ್ಟು ಅಂತ ಫಾರ್ವರ್ಡ್ ಮಾಡದಿದ್ದರೆ ಅವರಿಗೆ ಊಟ ಸೇರುವುದಿಲ್ಲ. 2018ರ ಜುಲೈಯಲ್ಲಿ ಒಂದು ಸಂದೇಶ ಒಮ್ಮೆಗೆ ಐದು ಚಾಟ್‌ಗೆ ಮಾತ್ರ ಅಂತ ವಾಟ್ಸಾಪ್ ಭಾರತದಲ್ಲಿ ಮಿತಿ ತಂದಾಗ ಅವರು ಐದೈದರ ಕಂತು ಮಾಡಿದರು, ಬ್ಯಾಂಕಿನವರಲ್ವಾ. 2020ರ ಏಪ್ರಿಲ್‌ನಲ್ಲಿ, ತುಂಬ ಕೈ ದಾಟಿದ್ದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಅಂದಾಗ, ಕಾಪಿ ಮಾಡಿ ಪೇಸ್ಟ್ ಮಾಡಲು ಕಲಿತರು. ಅದರಿಂದ 'ಫಾರ್ವರ್ಡ್ ಆಗಿದೆ' ಅನ್ನುವ ಬಾಣದ ಗುರುತೂ ಹೋಗಿ, ಯುನೆಸ್ಕೋ ನಮ್ಮ ರಾಷ್ಟ್ರಗೀತೆಗೆ ಜಗತ್ತಿನಲ್ಲೇ ಮೊದಲ ಸ್ಥಾನ ಕೊಟ್ಟ ಸುದ್ದಿ ಖುದ್ದು ಕುಲಕರ್ಣಿಯವರೇ ಪ್ಯಾರಿಸ್‌ಗೆ ಹೋಗಿ ತಂದ ಹಾಗೆ ಕಾಣುತ್ತದೆ. ಯುನೆಸ್ಕೋ ಅಂಥ ಬಹುಮಾನ ಕೊಟ್ಟೇ ಇಲ್ಲ.

ಆ ಐದರ ಮಿತಿ ಯಾಕೆ ಬಂತು ಅಂತ ನೆನೆದರೆ ಮಾತ್ರ ನಗು ಬರುವುದಿಲ್ಲ. 2018ರ ಜುಲೈ 1ರಂದು ಇದೇ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ, ಭಿಕ್ಷೆಗೆ ಬಂದ ಐವರು ಅಲೆಮಾರಿಗಳನ್ನು ಮಕ್ಕಳ ಕಳ್ಳರು ಅಂತ ಜನ ಹೊಡೆದು ಕೊಂದರು. ಅದೇ ತಿಂಗಳು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇದೇ ಗುಮಾನಿಯಲ್ಲಿ ಜನರ ಏಟಿಗೆ ಹೈದರಾಬಾದಿನ ಒಬ್ಬ ಯುವಕ ಸತ್ತ. ಅವನ ಜೊತೆಗಿದ್ದವರು ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು.

ಶೆಟ್ರು ಕಾಫಿ ಹೇಳಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

"ಸರ್ಕಾರವೇ ಇದು ನಿಜ ಇದು ಸುಳ್ಳು ಅಂತ ಠಸ್ಸೆ ಹೊಡೀಬೇಕು" ಅಂದರು ಶೆಟ್ರು. "ಸರ್ಕಾರದ ಸುದ್ದಿಗೆ ಸರ್ಕಾರದ್ದೇ ಠಸ್ಸೆ? ಅಂಥ ನಿಯಮವನ್ನೇ ನಮ್ಮ ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಹೊಡೆದು ಹಾಕಿತಲ್ಲ" ಅಂದ ಪ್ರಸಾದ. ಇಬ್ಬರೂ ಒಂದಷ್ಟು ಕಚ್ಚಾಡಿದರು, ಅದು ಬಿಡಿ.

ಸುಮಿತ್ರಕ್ಕ ಕಾಫಿ ಬಟ್ಟಲು ಕೆಳಗಿಟ್ಟರು. "ನಾಳೆ ಬಾ ದೆವ್ವದ ವಿಶೇಷ ಮರೆತಿರಾ? ಅದು ತನ್ನ ದನಿಯಲ್ಲಿ ಕರೀತಿರಲಿಲ್ಲ. ಅಮ್ಮನ ದನಿ, ಅಣ್ಣನ ದನಿ. ಅದಕ್ಕೇ ಜನ ಬಾಗಿಲು ತೆಗೀತಾರೆ ಅನ್ನೋ ಭಯ. ಸುಳ್ಳು ಸುದ್ದೀನೂ ಹಾಗೇ ಬರೋದು. ಯಾರು ಬರೆದರು ಅಂತ ಯಾರು ನೋಡ್ತಾರೆ? ಕಳಿಸಿದ್ದು ದೊಡ್ಡಪ್ಪ, ಸಾಕು."

ಪ್ರಸಾದ ಖುಷಿಯಾಗಿ, ಇದನ್ನೇ ಕಾಟ್ಜ್ ಮತ್ತು ಲಾಜರ್ಸ್‌ಫೆಲ್ಡ್ ಅನ್ನುವ ಸಮಾಜಶಾಸ್ತ್ರಜ್ಞರು 1955ರಲ್ಲಿ ಹೇಳಿದ್ದಾರೆ ಅಂದ. ರೇಡಿಯೋ, ಪೇಪರಿನ ಮಾತು ನೇರ ಜನರ ತಲೆಗೆ ಇಳಿಯುವುದಿಲ್ಲ, ನಡುವೆ ಪರಿಚಯದವರೊಬ್ಬರು ಇರುತ್ತಾರೆ, ಅವರ ಬಾಯಿಂದ ಬಂದರೆ ಇಳಿಯುತ್ತದೆ.

"ಹಾಗಾದ್ರ ನಾನು ನಡುವಿನವ" ಅಂತ ಕುಲಕರ್ಣಿ ಬೀಗಿದರು.

"ನಡುವಿನವರೇ ಸರಿ ಮಾಡಿ ಈಗ. ಆ ಯುನೆಸ್ಕೋ ಸುದ್ದಿ ನಿಮಗೆ ಕಳಿಸಿದ್ದು ಯಾರು?" ಅಂತ ಸುಮಿತ್ರಕ್ಕ ಕೇಳಿದರು.

"ಹುಬ್ಬಳ್ಳಿ ಭಾವ."

ಗ್ರೂಪಿನಲ್ಲಿ ಸುಳ್ಳು ಅಂತ ಬರೆಯಬೇಡಿ ಅಂದರು ಸುಮಿತ್ರಕ್ಕ. ಐವತ್ತು ಮಂದಿ ಎದುರು ಮನೆ ಅಳಿಯನಿಗೆ ಅವಮಾನ ಆದರೆ ಸುದ್ದಿ ಸಾಯುವುದಿಲ್ಲ, ನೆಂಟಸ್ತಿಕೆ ಸಾಯುತ್ತದೆ. ಫೋನ್ ಮಾಡಿ. ಮೊದಲು ಮೊಣಕಾಲು ನೋವು ಕೇಳಿ, ಆಮೇಲೆ ಮಳೆ ಬಂತಾ ಕೇಳಿ, ಯುನೆಸ್ಕೋ ಮೂರನೇದು.

ಕುಲಕರ್ಣಿ ಸ್ಪೀಕರ್ ಹಾಕಿದರು. ಮೊಣಕಾಲು, ಮಳೆ, ಎಲ್ಲ ಕ್ರಮವಾಗಿ ಆಯಿತು.

"ಸುಳ್ಳು ಅಂತ ನನಗೂ ಗೊತ್ತೋ" ಅಂದಿತು ಆ ಕಡೆಯ ದನಿ. "ಆದ್ರ ಕಳಿಸಿದವರು ನಮ್ಮ ಬೀಗರು. ಮಗಳು ಕೊಟ್ಟ ಮನಿ. ನಾಲ್ಕು ಮಂದಿಗೆ ಕಳಿಸಿ, ಹೆಬ್ಬೆರಳು ಎತ್ತಿ ತೋರಿಸದಿದ್ರ ಹ್ಯಾಂಗ?"

ನಾವೆಲ್ಲ ಸುಮಿತ್ರಕ್ಕನ ಮುಖ ನೋಡಿದೆವು. ಇದಕ್ಕೆ ಅವರ ಹತ್ತಿರವೂ ಉತ್ತರ ಇದ್ದಂತಿರಲಿಲ್ಲ.

"ಅದಿರಲಿ" ಅಂದರು ಭಾವ. "ಹೋದ ವಾರ ನೀ ಕಳಿಸಿದ್ದಿ, ಹಸಿ ಬೆಳ್ಳುಳ್ಳಿ ತಿಂದ್ರ ಮೊಣಕಾಲು ನೋವು ಮೂರು ದಿನದಾಗ ಹೋಗ್ತದ ಅಂತ. ತಿನ್ನಾಕತ್ತೀನಿ, ನಿಮ್ಮ ಅಕ್ಕ ಬೇರೆ ಖೋಲ್ಯಾಗ ಮಲಗಾಕತ್ತಾಳ. ಅದಾದ್ರೂ ಖರೆ ಐತೇನು?"

"ಹಲೋ... ಹಲೋ... ಭಾವ, ಇಲ್ಲಿ ನೆಟ್‌ವರ್ಕ್ ಸಿಗವಲ್ದು" ಅಂತ ಕುಲಕರ್ಣಿ ಫೋನ್ ಇಟ್ಟರು.