ಕಾನ್ಫಿಗ್ ಫೈಲಿನ 1ನೇ ಸಾಲಲ್ಲಿ ಏನೂ ಇಲ್ಲ, ಆದರೂ ಹೆಡರ್ ಎರರ್

ಕೇಳಿದವರು, ಚಿಕ್ಕಮಗಳೂರು:
ಹೋಮ್‌ಸ್ಟೇ ಬುಕಿಂಗ್ ಸೈಟ್, ಪಿಎಚ್‌ಪಿ ಭಾಷೆಯಲ್ಲಿ ಬರೆದದ್ದು. ಲ್ಯಾಪ್‌ಟಾಪಿನ ಎಕ್ಸಾಂಪ್‌ನಲ್ಲಿ (ಸೈಟನ್ನು ನಮ್ಮ ಕಂಪ್ಯೂಟರಲ್ಲೇ ಓಡಿಸಿ ನೋಡುವ ಸರ್ವರ್ ಸಾಫ್ಟ್‌ವೇರ್) ಸರಿಯಾಗಿ ಓಡುತ್ತೆ. ಹೋಸ್ಟಿಂಗ್‌ಗೆ ಹಾಕಿದ ಮೇಲೆ ಲಾಗಿನ್ ಒತ್ತಿದರೆ ‘ಹೆಡರ್ಸ್ ಆಲ್‌ರೆಡಿ ಸೆಂಟ್, ಔಟ್‌ಪುಟ್ ಸ್ಟಾರ್ಟೆಡ್ ಆಟ್ ಕಾನ್ಫಿಗ್.ಪಿಎಚ್‌ಪಿ:1’ ಅಂತ ಬರ್ತಿದೆ. ಲಾಗಿನ್ ಫೈಲಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗ್ತಿಲ್ಲ. ಗೊತ್ತಿದ್ದವರು ಹೇಳಿ.

ಹಾಸನ:
ಲಾಗಿನ್ ಫೈಲ್ ಬಿಡಿ ಸರ್, ಕಾನ್ಫಿಗ್ ತೆಗೀರಿ. ಹೆಡರ್ ಅಂದರೆ ಪುಟಕ್ಕಿಂತ ಮೊದಲು ಬ್ರೌಸರಿಗೆ ಹೋಗಬೇಕಾದ ಸೂಚನೆ; ಅದಕ್ಕೂ ಮುಂಚೆ ಬೇರೆ ಏನಾದರೂ ಹೋದರೆ ಈ ಎರರ್. ‘ಔಟ್‌ಪುಟ್ ಸ್ಟಾರ್ಟೆಡ್ ಆಟ್’ ಮುಂದಿರುವ ಫೈಲು, ಸಾಲಿನ ನಂಬರೇ ಮೂಲ. 1ನೇ ಸಾಲು ಅಂದರೆ ಸಾಮಾನ್ಯವಾಗಿ <?ಪಿಎಚ್‌ಪಿ ಅನ್ನೋದಕ್ಕಿಂತ ಮುಂಚೆಯೇ ಏನೋ ಕೂತಿದೆ: ಸ್ಪೇಸು, ಇಲ್ಲವೇ ಬಾಮ್ (ಬೈಟ್ ಆರ್ಡರ್ ಮಾರ್ಕ್, ಫೈಲಿನ ಶುರುವಿನಲ್ಲಿ ಕೂರುವ ಕಾಣದ ಗುರುತು). ಆ ಫೈಲಲ್ಲಿ ಕನ್ನಡ ಬರೆದಿದ್ದೀರಾ?

ಕೇಳಿದವರು:
ಹೌದು, ಹೋಮ್‌ಸ್ಟೇ ಹೆಸರು ಕನ್ನಡದಲ್ಲೇ ಇದೆ. ಹಳೇ ನೋಟ್‌ಪ್ಯಾಡಲ್ಲಿ ಸೇವ್ ಮಾಡಿದ್ದು.

ಬೇಲೂರು:
ಹಾಗಾದರೆ ಬಾಮೇ. ಹಳೇ ನೋಟ್‌ಪ್ಯಾಡು ಯುಟಿಎಫ್-8 (ಕನ್ನಡದಂಥ ಅಕ್ಷರಗಳನ್ನೂ ಉಳಿಸುವ ಎನ್‌ಕೋಡಿಂಗ್) ಅಂತ ಸೇವ್ ಮಾಡುವಾಗ ಫೈಲಿನ ತಲೆಗೆ 3 ಬೈಟ್ ಸೇರಿಸುತ್ತೆ. ಕಣ್ಣಿಗೆ ಕಾಣಲ್ಲ, ಪಿಎಚ್‌ಪಿ ಅದನ್ನೇ ಔಟ್‌ಪುಟ್ ಅಂತ ಕಳಿಸಿಬಿಡುತ್ತೆ. ವಿಎಸ್ ಕೋಡಲ್ಲಿ ತೆರೆದು ಬಲಗಡೆ ಕೆಳಗೆ ನೋಡಿ. ‘ಯುಟಿಎಫ್-8 ವಿತ್ ಬಾಮ್’ ಅಂತಿದ್ದರೆ ಅದನ್ನು ಒತ್ತಿ, ‘ಸೇವ್ ವಿತ್ ಎನ್‌ಕೋಡಿಂಗ್’ನಲ್ಲಿ ಬರೀ ಯುಟಿಎಫ್-8 ಆರಿಸಿ. ಕನ್ನಡ ಅಕ್ಷರ ಒಂದೂ ಕೆಡಲ್ಲ. ಇನ್‌ಕ್ಲೂಡ್ ಆಗುವ (ಬೇರೆ ಫೈಲಿನೊಳಗೆ ಸೇರಿಕೊಂಡು ಓಡುವ) ಎಲ್ಲ ಫೈಲಿಗೂ ಇದನ್ನೇ ಮಾಡಿ. ಬರೀ ಪಿಎಚ್‌ಪಿ ಇರುವ ಫೈಲಿನ ಕೊನೆಯ ?> ಅಳಿಸಿಬಿಡಿ. ಅದರ ಬೆನ್ನಿಗಿರುವ ಒಂದು ಎಂಟರನ್ನು ಪಿಎಚ್‌ಪಿ ನುಂಗಿಕೊಳ್ಳುತ್ತೆ, ಎರಡನೆಯದು ಹೊರಗೆ ಹೋಗುತ್ತೆ.

ಸಕಲೇಶಪುರ:
ಲ್ಯಾಪ್‌ಟಾಪಲ್ಲಿ ಯಾಕೆ ಗೊತ್ತಾಗಲಿಲ್ಲ ಅಂದರೆ, ಎಕ್ಸಾಂಪ್‌ನ ಪಿಎಚ್‌ಪಿ.ಐಎನ್‌ಐ ಅನ್ನೋ ಸೆಟ್ಟಿಂಗ್ ಫೈಲಲ್ಲಿ ಔಟ್‌ಪುಟ್ ಬಫರಿಂಗ್ (ಔಟ್‌ಪುಟ್ಟನ್ನು ತಕ್ಷಣ ಕಳಿಸದೆ ಸ್ವಲ್ಪ ಹಿಡಿದಿಡೋದು) 4096 ಬೈಟ್ ಇರುತ್ತೆ. ಆ 3 ಬೈಟು ಬಫರಲ್ಲೇ ಕೂತು, ಹೆಡರ್ ಮೊದಲು ಹೋಗುತ್ತೆ. ಲ್ಯಾಪ್‌ಟಾಪಲ್ಲಿ ಆ ಬಫರಿಂಗ್ ಆಫ್ ಮಾಡಿ, ಎಕ್ಸಾಂಪ್‌ನ ವೆಬ್ ಸರ್ವರ್ ಅಪಾಚೆ ರೀಸ್ಟಾರ್ಟ್ ಮಾಡಿ. ತಪ್ಪು ಮನೆಯಲ್ಲೇ ಸಿಗಲಿ. ಸರ್ವರಲ್ಲಿ ಒಬಿ_ಸ್ಟಾರ್ಟ್ (ಕೋಡಿನಿಂದಲೇ ಬಫರಿಂಗ್ ಶುರು ಮಾಡೋದು) ಹಾಕಿ ತಪ್ಪನ್ನು ಮುಚ್ಚೋದು ಮಾತ್ರ ದಯವಿಟ್ಟು ಬೇಡ. ಬಾಮ್ ಒಳಗೇ ಉಳಿದು ನಾಳೆ ಜೇಸನ್ (ಪ್ರೋಗ್ರಾಮುಗಳು ಡೇಟಾ ಕಳಿಸುವ ಒಂದು ರೂಪ) ಉತ್ತರವನ್ನು ಕೆಡಿಸುತ್ತೆ.

ಕಡೂರು:
ಎರರ್ ಹೋದ ಮೇಲೂ ಲಾಗಿನ್ ಉಳಿಯದಿದ್ದರೆ, ಬೇರೆ ಪುಟಕ್ಕೆ ಕಳಿಸುವ ಲೊಕೇಶನ್ ಹೆಡರ್ ಆದ ತಕ್ಷಣ ಎಕ್ಸಿಟ್ ಇದೆಯಾ ನೋಡಿ. ಆಮೇಲೆ ವಿಳಾಸ: ಡಬ್ಲ್ಯುಡಬ್ಲ್ಯುಡಬ್ಲ್ಯು ಹಾಕಿ ಲಾಗಿನ್ ಆಗಿ, ಅದಿಲ್ಲದ ವಿಳಾಸಕ್ಕೆ ರೀಡೈರೆಕ್ಟ್ ಆದರೆ ಲಾಗಿನ್ ಗುರುತು ಇಡುವ ಕುಕಿ ಜೊತೆಗೆ ಬರಲ್ಲ. ಸೆಷನ್ ಸೇವ್ ಪಾತ್ ಫೋಲ್ಡರಿಗೆ (ಲಾಗಿನ್ ಆದವರ ಮಾಹಿತಿಯನ್ನು ಸರ್ವರ್ ಇಡುವ ಜಾಗ) ಬರೆಯುವ ಅನುಮತಿ ಬೇಕು. ಇನ್ನೊಂದು, ಸೆಷನ್ನಿನ ಡಿಫಾಲ್ಟ್ ಅವಧಿ 1440 ಸೆಕೆಂಡು, ಅಂದರೆ 24 ನಿಮಿಷ. ಅದನ್ನು ಹೆಚ್ಚಿಸುವುದಾದರೆ ಸೇವ್ ಪಾತ್ ಕೂಡ ನಿಮ್ಮದೇ ಬೇರೆ ಫೋಲ್ಡರಿಗೆ ಬದಲಿಸಿ, ಎರಡನ್ನೂ ಸೆಷನ್_ಸ್ಟಾರ್ಟ್‌ಗಿಂತ ಮೇಲೆ ಬರೀರಿ. ಅದೇ ಫೋಲ್ಡರನ್ನು ಬಳಸುವ ಇನ್ನೊಂದು ಸ್ಕ್ರಿಪ್ಟಲ್ಲಿ ಅವಧಿ ಕಮ್ಮಿ ಇದ್ದರೆ, ಅದು ಹಳೇ ಸೆಷನ್ ಫೈಲುಗಳನ್ನು ಗುಡಿಸುವಾಗ ನಿಮ್ಮ ಸೆಷನ್ ಫೈಲೂ ಹೋಗುತ್ತೆ.