ಕಾಲುಸಂಕಗಳ ನಕ್ಷೆ: ನಾವು ಹಳ್ಳ ದಾಟಿದ್ದು ಎರಡು ಸಲ, ಮೊಬೈಲ್ ಹೇಳುವುದು ಹದಿನೇಳು

ಹೊಳೆಯಾಚೆ ಕೇಳಿದ್ದು:

ಹೊಸನಗರ ತಾಲ್ಲೂಕಿನ ಒಂದು ಮೂಲೆಯ ಮನೆ ನಮ್ಮದು. ನಾನು ಶಾಲೆಗೆ ಹೋಗುತ್ತಿದ್ದ ಕಾಲುದಾರಿ ಈಗ ಯಾರ ಕಾಲೂ ಬೀಳದೆ ಮುಚ್ಚಿಹೋಗುತ್ತಿದೆ. ಡಾಂಬರು ರಸ್ತೆ ಎಷ್ಟು ಸುತ್ತು ಹಾಕಿದರೂ ಬೈಕಿಗೆ ಅದೇ ಹತ್ತಿರ. ಅಮ್ಮನಿಗೆ ಎಪ್ಪತ್ತಮೂರು ವರ್ಷ. ಆ ದಾರಿಯ ಒಂದೊಂದು ತಿರುವಿಗೂ ಅವಳ ಬಾಯಲ್ಲಿ ಹೆಸರಿದೆ: ಹಲಸಿನ ಕಟ್ಟೆ, ಜೋಡಿ ದರೆ, ಎಮ್ಮೆ ಜಾರಿದ ಸಂಕ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಯಾರು ಬೇಕಾದರೂ ಸೇರಿಸಿ ತಿದ್ದಬಹುದಾದ ನಕ್ಷೆ ತೆರೆದು ನೋಡಿದರೆ ನಮ್ಮ ಊರಿನ ಜಾಗದಲ್ಲಿ ಒಂದು ರಸ್ತೆ, ಒಂದು ಹಳ್ಳ, ಉಳಿದದ್ದೆಲ್ಲ ಬರೀ ಹಸಿರು. ಅಮ್ಮ ನಡೆಯುವಷ್ಟು ದಿನದೊಳಗೆ ಇದನ್ನೆಲ್ಲ ನಕ್ಷೆಗೆ ಏರಿಸಬೇಕು ಎನ್ನುವುದು ನನ್ನ ಹಟ.

ಕಳೆದ ಭಾನುವಾರ ಓಸ್ಮಾಂಡ್ ಆ್ಯಪಿನಲ್ಲಿ ದಾರಿ ದಾಖಲಿಸಲು ಒತ್ತಿ, ಮೊಬೈಲನ್ನು ಚೂಡಿದಾರದ ಜೇಬಿಗೆ ಹಾಕಿ, ಅಮ್ಮನ ಹಿಂದೆ ಹೊರಟೆ. ದಾರಿಯಲ್ಲಿರುವುದು ಎರಡೇ ಸಂಕ, ಎಂದರೆ ಹಳ್ಳ ದಾಟುವ ಕಾಲುಸೇತುವೆ. ಮನೆಗೆ ಬಂದು ನೋಡಿದರೆ ಗೆರೆ ಹಳ್ಳವನ್ನು ಹದಿನೇಳು ಸಲ ದಾಟಿದೆ. ಹಲಸಿನ ಕಟ್ಟೆಯ ಮೇಲೆ ನಾವು ಕಾಲು ಗಂಟೆ ಕೂತು ಎಲೆಯಡಿಕೆ ಹಾಕಿದ ಜಾಗದಲ್ಲಿ ಕೋಳಿ ಕೆದಕಿದಂತೆ ಗೀಚಿದೆ. ಅಲ್ಲಿಂದ ಮುಂದೆ ನಾನೂರು ಮೀಟರ್ ಸ್ಕೇಲ್ ಇಟ್ಟು ಎಳೆದ ಹಾಗೆ ನೇರ ಗೆರೆ. ಅಲ್ಲಿ ಹಕ್ಕಿ ಮಾತ್ರ ಹಾಗೆ ಹೋಗಬಲ್ಲದು.

ಎತ್ತರದ್ದು ಇನ್ನೊಂದು ಕಥೆ. ಸಾಗರ ಜಂಬಗಾರು ರೈಲು ನಿಲ್ದಾಣದ ಹಳದಿ ಬೋರ್ಡಿನಲ್ಲಿ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎಂದು ಬರೆದಿರುತ್ತದಲ್ಲ, ಅದರ ಕೆಳಗೆ ನಿಂತು ಮೊಬೈಲ್ ನೋಡಿದರೆ ಸುಮಾರು ಎಂಬತ್ತು ಮೀಟರ್ ಕಡಿಮೆ ತೋರಿಸುತ್ತದೆ. ಮೊಬೈಲ್ ಕೆಟ್ಟಿದೆಯೇ?

ಕೊನೆಯದು ಸ್ವಲ್ಪ ಸೂಕ್ಷ್ಮ. ನಾನು ಮೊಬೈಲ್ ಹಿಡಿದು ಓಡಾಡುವುದನ್ನು ಕಂಡ ಪಕ್ಕದ ಮನೆಯ ಭಾವ ತಮ್ಮ ತೋಟವನ್ನೂ ಅಳೆದುಕೊಡು ಎಂದರು. ಸುತ್ತು ಹಾಕಿದೆ. ಪಹಣಿಯಲ್ಲಿ 1 ಎಕರೆ 12 ಗುಂಟೆ, ಮೊಬೈಲಿನಲ್ಲಿ 1 ಎಕರೆ 5 ಗುಂಟೆ. ಅಂದಿನಿಂದ ಅವರ ಕಣ್ಣು ಆಚೆ ತೋಟದವರ ಅಗಳದ (ಗಡಿಯ ಕಂದಕದ) ಮೇಲಿದೆ. ನಾನೇ ಬೆಂಕಿ ಹಚ್ಚಿದೆನೇನೋ ಎಂದು ನಿದ್ದೆ ಬರುತ್ತಿಲ್ಲ.

ಬಾಂದುಕಲ್ಲು ಉತ್ತರಿಸಿದ್ದು:

ಮೊದಲು ಆ ಭಾವನವರನ್ನು ತಡೆಯಿರಿ. ದಾರಿಯ ಮಾತು ಆಮೇಲೆ.

ನಾನು ಭೂಮಾಪನದ ಕೆಲಸದಲ್ಲಿದ್ದು ನಿವೃತ್ತನಾದವನು. 33 ಅಡಿಯ ಸರಪಳಿ ಎಳೆಸಿ ಅಳೆದ ಕಾಲದವನು. ಆ ಸರಪಳಿಯ ಚದರವೇ ಒಂದು ಗುಂಟೆ, 1089 ಚದರ ಅಡಿ. 1 ಎಕರೆ 12 ಗುಂಟೆ ಎಂದರೆ 52 ಗುಂಟೆ, ಹತ್ತಿರ ಹತ್ತಿರ 5260 ಚದರ ಮೀಟರ್. ಚೌಕಾಕಾರದ ತೋಟ ಎಂದುಕೊಳ್ಳಿ, ಒಂದೊಂದು ಬದಿ ಎಪ್ಪತ್ತೆರಡೂವರೆ ಮೀಟರ್. ನೀವು ಗಡಿಯಿಂದ ಎಲ್ಲ ಕಡೆಯೂ ಬರೀ ಎರಡೂವರೆ ಮೀಟರ್ ಒಳಗೆ ನಡೆದರೆ ಬದಿ ಅರವತ್ತೇಳೂವರೆಗೆ ಇಳಿಯುತ್ತದೆ. ಗುಣಿಸಿ ನೋಡಿ, ಸರಿಯಾಗಿ ಏಳು ಗುಂಟೆ ಮಾಯ. ಅಗಳದೊಳಗೆ ಇಳಿದು ಯಾರೂ ಸುತ್ತು ಹಾಕುವುದಿಲ್ಲ, ನೀವೂ ಒಳಬದಿಯ ದಂಡೆಯ ಮೇಲೆಯೇ ನಡೆದಿರುತ್ತೀರಿ. ಆಚೆಯವರು ಕದ್ದದ್ದಲ್ಲ, ನಿಮ್ಮ ಕಾಲು ಕದ್ದದ್ದು.

ಅದರ ಮೇಲೆ ಮೊಬೈಲಿನ ಸ್ವಂತ ತಪ್ಪು ಬೇರೆ. ಬಯಲಿನಲ್ಲೇ ಅದು ಐದು ಮೀಟರಿನಷ್ಟು ಆಚೀಚೆ ಆಗುವ ಯಂತ್ರ, ಅಡಿಕೆ ಸೋಗೆಯ ಕೆಳಗೆ ಕೇಳುವುದೇ ಬೇಡ. 2000ದ ಮೇ ತಿಂಗಳವರೆಗೆ ಅಮೆರಿಕದವರು ತಮ್ಮ ಜಿಪಿಎಸ್ ಉಪಗ್ರಹಗಳಿಂದ ಸಾರ್ವಜನಿಕರಿಗೆ ಕೊಡುವ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿದ್ದರು. ಆಗ ನೂರು ಮೀಟರ್ ತಪ್ಪಿದರೂ ಯಾರೂ ಬೇಸರಪಡುತ್ತಿರಲಿಲ್ಲ. ಈಗ ಭೂಮಾಪಕರು ಅಳತೆಗೆ ತರುವ ರೋವರ್ ಎಂಬ ಯಂತ್ರ ನೋಡುವುದೂ ಇವೇ ಉಪಗ್ರಹಗಳನ್ನು. ಆದರೆ ಸ್ಥಾನ ಮೊದಲೇ ಗೊತ್ತಿರುವ ಜಾಗದಲ್ಲಿ ನಿಂತ ಇನ್ನೊಂದು ಯಂತ್ರ ಅದಕ್ಕೆ ಕ್ಷಣಕ್ಷಣಕ್ಕೂ ತಿದ್ದುಪಡಿ ಕಳಿಸುತ್ತಿರುತ್ತದೆ. ಆದ್ದರಿಂದ ಅದು ಸೆಂಟಿಮೀಟರ್ ಲೆಕ್ಕದಲ್ಲಿ ಮಾತಾಡುತ್ತದೆ. ಭಾವನವರಿಗೆ ಅಷ್ಟು ಅನುಮಾನವಿದ್ದರೆ ಹದ್ದುಬಸ್ತಿಗೆ, ಎಂದರೆ ಸರ್ಕಾರಿ ಅಳತೆಯಿಂದ ಗಡಿ ಗುರುತಿಸಿಕೊಡಿ ಎಂದು, ಅರ್ಜಿ ಹಾಕಲಿ. ನೀವು ಮಾತ್ರ ಆ ಕಡತವನ್ನು ಅವರ ಎದುರೇ ಅಳಿಸಿ.

ಉಂಬಳದ ಗೆಳೆಯ ಉತ್ತರಿಸಿದ್ದು:

ವಿಷಯಾಂತರಕ್ಕೆ ಕ್ಷಮಿಸಿ. ಗೆಳೆಯನೊಬ್ಬ ಫೋನಿನಲ್ಲಿ ಒಂದು ಅಬ್ಬಿಯ (ಜಲಪಾತದ) ಅಕ್ಷಾಂಶ ಹೇಳುತ್ತಾ "ಹದಿನಾಲ್ಕು, ಹತ್ತು, ಮೂವತ್ತು" ಎಂದ. ನಾನು 14.1030 ಎಂದು ಒತ್ತಿಕೊಂಡೆ. ಅವನು ಹೇಳಿದ್ದು 14 ಡಿಗ್ರಿ 10 ಮಿನಿಟ್ 30 ಸೆಕೆಂಡ್, ಎಂದರೆ 14.175. ಒಂದು ಡಿಗ್ರಿಗೆ 111 ಕಿಲೋಮೀಟರ್ ಹಿಡಿದರೆ ಎಂಟು ಕಿಲೋಮೀಟರ್ ದಕ್ಷಿಣದಲ್ಲಿ, ಆಷಾಢದ ಮಳೆಯಲ್ಲಿ, ಯಾರದೋ ಕೊಟ್ಟಿಗೆಯ ಹಿಂದೆ ನಿಂತಿದ್ದೆ. ಕಾಲಿಗೆ ಹತ್ತಿದ ಉಂಬಳ ಎಣಿಸುವುದನ್ನು ಇಪ್ಪತ್ತಕ್ಕೆ ನಿಲ್ಲಿಸಿದೆ. ಮನೆಯವರು ಕಷಾಯ ಕೊಟ್ಟರು.

ಚುಕ್ಕಿಗೆರೆ ಉತ್ತರಿಸಿದ್ದು:

ಹೊಳೆಯಾಚೆಯವರೇ, ನಿಮ್ಮ ಮೊಬೈಲ್ ಕೆಟ್ಟಿಲ್ಲ. ಆ ನಾನೂರು ಮೀಟರ್ ನೇರ ಗೆರೆ ಎಲ್ಲಕ್ಕಿಂತ ಸುಲಭ: ಪರದೆ ಆರಿದ ಮೇಲೆ ಬ್ಯಾಟರಿ ಉಳಿಸಲು ಫೋನೇ ಆ್ಯಪನ್ನು ಮಲಗಿಸಿದೆ, ಎಚ್ಚರವಾದಾಗ ಎರಡು ತುದಿಗಳನ್ನು ಗಂಟುಹಾಕಿದೆ. ಸೆಟ್ಟಿಂಗ್ಸ್‌ನಲ್ಲಿ ಓಸ್ಮಾಂಡ್‌ಗೆ ಮಾತ್ರ ಬ್ಯಾಟರಿ ನಿರ್ಬಂಧ ತೆಗೆದುಹಾಕಿ.

ಹದಿನೇಳು ಸಲ ಹಳ್ಳ ದಾಟಿದ್ದಕ್ಕೆ ಕಾರಣ ಪ್ರತಿಫಲನ. ಜಿಪಿಎಸ್ ಉಪಗ್ರಹಗಳು ಇರುವುದು 20,200 ಕಿಲೋಮೀಟರ್ ಮೇಲೆ. ಅಲ್ಲಿಂದ ಸಂಕೇತ ಬರಲು ಹಿಡಿದ ಸಮಯದಿಂದಲೇ ಫೋನ್ ದೂರದ ಲೆಕ್ಕ ಹಾಕುತ್ತದೆ. ಒಂದು ಮೈಕ್ರೊಸೆಕೆಂಡ್ ಹೆಚ್ಚುಕಡಿಮೆಯಾದರೆ 300 ಮೀಟರ್. ನಿಮ್ಮ ಕಣಿವೆಯಲ್ಲಿ ಸಂಕೇತ ದರೆಯ ಕಡಿದಾದ ಗೋಡೆಗೆ ಬಡಿದು, ಒದ್ದೆ ಎಲೆಗಳಲ್ಲಿ ಸೊರಗಿ, ಸುತ್ತು ಹಾಕಿ ಬರುತ್ತದೆ. ಫೋನ್ ಅದನ್ನೇ ನೇರ ದಾರಿ ಎಂದು ನಂಬುತ್ತದೆ. ಜೇಬಿನಲ್ಲಿಟ್ಟರೆ ನಿಮ್ಮ ಮೈಯೇ ಅರ್ಧ ಆಕಾಶಕ್ಕೆ ಅಡ್ಡ. ತಲೆಯ ಮಟ್ಟಕ್ಕೆ ಏರಿಸಲು ಏನಾದರೂ ಉಪಾಯ ಮಾಡಿ.

ಹೊರಡುವ ಮೊದಲು ಅಂಗಳದಲ್ಲಿ ಐದು ನಿಮಿಷ ಸುಮ್ಮನೆ ನಿಲ್ಲಿ. ಉಪಗ್ರಹ ತಾನು ಎಲ್ಲಿದ್ದೇನೆ ಎಂದು ಹೇಳುವುದು ಸೆಕೆಂಡಿಗೆ 50 ಬಿಟ್ ವೇಗದಲ್ಲಿ, ಅಜ್ಜ ಪುರಾಣ ಓದಿದ ಹಾಗೆ. ನೆಟ್‌ವರ್ಕ್ ಇದ್ದರೆ ಫೋನ್ ಆ ಮಾಹಿತಿಯನ್ನು ಇಂಟರ್ನೆಟ್ಟಿನಿಂದ ತರಿಸಿಕೊಳ್ಳುತ್ತದೆ. ನಿಮ್ಮಲ್ಲಿ ಅದು ಅನುಮಾನ, ಹಾಗಾಗಿ ತೆರೆದ ಆಕಾಶದ ಕೆಳಗೆ ಅರ್ಧ ನಿಮಿಷವಾದರೂ ತಡೆಯಿಲ್ಲದೆ ಕೇಳಿಸಿಕೊಳ್ಳಬೇಕು. ಕಾಡಿನೊಳಗೆ ಹೋಗಿ ಆನ್ ಮಾಡಿದರೆ ವಾಕ್ಯದ ಮಧ್ಯ ಮಧ್ಯ ಮಾತು ಹಾರಿಹೋಗುತ್ತದೆ.

ಒಂದೇ ಸಲಕ್ಕೆ ನಂಬಬೇಡಿ, ಮೂರು ಸಲ ನಡೆಯಿರಿ. ಆದರೆ ಮರುದಿನ ಅದೇ ಹೊತ್ತಿಗೆ ಹೋಗಬೇಡಿ. ಜಿಪಿಎಸ್ ಉಪಗ್ರಹಗಳು 23 ಗಂಟೆ 56 ನಿಮಿಷದಲ್ಲಿ ಎರಡು ಸುತ್ತು ಮುಗಿಸುತ್ತವೆ. ನಾಲ್ಕು ನಿಮಿಷದ ವ್ಯತ್ಯಾಸ ಬಿಟ್ಟರೆ ಅವೇ ಉಪಗ್ರಹಗಳು ಅದೇ ಜಾಗದಲ್ಲಿರುತ್ತವೆ, ಅದೇ ದರೆಗೆ ಬಡಿದು ಅದೇ ತಪ್ಪನ್ನು ಮತ್ತೆ ಹೇಳುತ್ತವೆ. ಒಮ್ಮೆ ಬೆಳಿಗ್ಗೆ, ಒಮ್ಮೆ ಮಧ್ಯಾಹ್ನ, ಒಮ್ಮೆ ಸಂಜೆ ಹೋಗಿ.

ಎತ್ತರದ ವಿಷಯ ನನಗೆ ಬಹಳ ಇಷ್ಟ. ಫೋನಿನ ಲೆಕ್ಕ ಭೂಮಿಯನ್ನು ನುಣುಪಾದ, ಸ್ವಲ್ಪ ಚಪ್ಪಟೆಯಾದ ಚೆಂಡು ಎಂದುಕೊಂಡದ್ದು. ನಿಜವಾದ ಸಮುದ್ರ ಮಟ್ಟ ಗುರುತ್ವಕ್ಕೆ ತಕ್ಕಂತೆ ಏರಿಳಿಯುತ್ತದೆ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಅದು ಆ ಚೆಂಡಿಗಿಂತ ನೂರು ಮೀಟರಿಗೂ ಹೆಚ್ಚು ತಗ್ಗು, ಭೂಮಿಯ ಮೇಲೆ ಅಷ್ಟು ಆಳದ ತಗ್ಗು ಇನ್ನೊಂದಿಲ್ಲ. ಆ ಬೋಗುಣಿಯ ಅಂಚಿನಲ್ಲಿ ನಾವಿದ್ದೇವೆ. ಹೊನ್ನಾವರದ ಕಡಲಂಚಿನಲ್ಲಿ ಅಲೆ ಕಾಲಿಗೆ ತಾಗುತ್ತಿರುವಾಗ ನನ್ನ ಹಳೆಯ ಫೋನ್ ಮೈನಸ್ ಎಂಬತ್ತರ ಆಸುಪಾಸು ತೋರಿಸಿತ್ತು. ಕೆಲವು ಆ್ಯಪ್‌ಗಳು ಇದನ್ನು ತಾವೇ ತಿದ್ದಿ ತೋರಿಸುತ್ತವೆ. ನಿಮ್ಮದು ತಿದ್ದುತ್ತಿಲ್ಲ, ಅಷ್ಟೇ.

ನಕ್ಷೆಗೆ ಏರಿಸುವಾಗ ಕಚ್ಚಾ ಗೆರೆಯನ್ನು ಹಾಗೆಯೇ ಸುರಿಯಬೇಡಿ. ನಡೆದ ದಾರಿ ದಾಖಲಾದ ಮೂರು ಜಿಪಿಎಕ್ಸ್ ಕಡತಗಳನ್ನು ಹಿನ್ನೆಲೆಯಲ್ಲಿಟ್ಟು ನಡುವೆ ನೀವೇ ಹೊಸ ಗೆರೆ ಎಳೆಯಿರಿ. ಸಂಕ ಇರುವ ತುಂಡನ್ನು ಮಾತ್ರ ಕತ್ತರಿಸಿ ಸೇತುವೆ ಎಂದು ಗುರುತು ಹಾಕಿ, ಹೆಸರನ್ನು ಕನ್ನಡದಲ್ಲೇ ಬರೆಯಿರಿ. ಕಡತವನ್ನು ಸಾರ್ವಜನಿಕವಾಗಿ ಹಾಕುವುದಾದರೆ ನಿಮ್ಮ ಅಂಗಳದಿಂದ ಹೊರಟ ಮೊದಲ ತುಂಡನ್ನು ಅಳಿಸಿ, ಮನೆ ಯಾವುದು ಎಂದು ಲೋಕಕ್ಕೆಲ್ಲ ಗೊತ್ತಾಗಬೇಕಿಲ್ಲ. ಕೇಂದ್ರ ಸರ್ಕಾರದ 2021ರ ಫೆಬ್ರವರಿಯ ಮಾರ್ಗಸೂಚಿ ಬಂದ ಮೇಲೆ ನಮ್ಮವರು ಇಂಥ ನಕ್ಷೆ ಮಾಡಲು ಮುಂಚಿತ ಅನುಮತಿ ಬೇಡ, ಆ ಭಯ ಬಿಡಿ.

ಹೊಳೆಯಾಚೆ ಮತ್ತೆ ಬರೆದದ್ದು, ಮೂರು ವಾರದ ನಂತರ:

ಭಾವನವರ ಎದುರು ಕೂತು ಎರಡೂವರೆ ಮೀಟರಿನ ಲೆಕ್ಕ ಮಾಡಿ ತೋರಿಸಿದೆ, ಕಡತ ಅಳಿಸಿದೆ. ಹದ್ದುಬಸ್ತಿನ ಮಾತೂ ಹೇಳಿದೆ. ಅದಕ್ಕೆ ಖರ್ಚೆಷ್ಟು ಎಂದು ಕೇಳಿದರು. ಆಮೇಲೆ ಅಡಿಕೆ ಧಾರಣೆಯ ಮಾತು ತೆಗೆದರು.

ತಲೆಯ ಮಟ್ಟಕ್ಕೆ ಏರಿಸುವ ಉಪಾಯ ಅಮ್ಮನದು: ಅಟ್ಟದಲ್ಲಿದ್ದ ಅಪ್ಪನ ಅಡಿಕೆ ಹಾಳೆಯ ಟೊಪ್ಪಿ. ಅದರ ತಲೆಯ ಮೇಲೆ ಮೊಬೈಲ್ ಇಟ್ಟು ಬಾಳೆಪಟ್ಟೆ ಹಗ್ಗದಿಂದ ಕಟ್ಟಿ, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಮುಂದಿನ ಶನಿವಾರ ಸಂಜೆ ಒಮ್ಮೆ ನಡೆದೆ. ಎದುರು ಸಿಕ್ಕವರು ಏನೆಂದುಕೊಂಡರೋ, ಯಾರೂ ಕೇಳಲಿಲ್ಲ, ಅದೇ ಹೆಚ್ಚು ಮುಜುಗರ. ಮೂರು ಗೆರೆಗಳನ್ನು ಒಟ್ಟಿಗೆ ತೆರೆದರೆ ಗದ್ದೆ ಬಯಲಿನಲ್ಲಿ ಒಂದೇ ಗೆರೆಯಂತೆ ಕಾಣುತ್ತವೆ, ತೋಟ ಹೊಕ್ಕ ಕೂಡಲೇ ಜಡೆ ಬಿಚ್ಚಿದ ಹಾಗೆ ಬೇರೆಯಾಗುತ್ತವೆ. ಜೋಡಿ ದರೆಯ ನಡುವೆ ಈಗಲೂ ಹತ್ತು ಮೀಟರ್ ಅಂತರ. ಉಳಿದ ಕಡೆ ನಡು ಗೆರೆ ಎಳೆದಿದ್ದೇನೆ. ಹಳ್ಳ ದಾಟುವುದು ಈಗ ಎರಡೇ ಸಲ.

ಹೆಸರು ತುಂಬುವಾಗ ಅಮ್ಮ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದಳು. ಮೇಲಿನ ಸಂಕಕ್ಕೆ "ಎಮ್ಮೆ ಜಾರಿದ ಸಂಕ" ಎಂದು ಬರೆದೆ. ಎಮ್ಮೆ ಜಾರಿದ್ದು ಅಲ್ಲಲ್ಲ, ಕೆಳಗಿನದರಲ್ಲಿ ಎಂದಳು. ನಾನು ಶಾಲೆಗೆ ಹೋಗುವ ಕಾಲದಿಂದಲೂ ತಪ್ಪು ಸಂಕದ ಮೇಲೆ ಹುಷಾರಾಗಿ ಕಾಲಿಡುತ್ತಿದ್ದೆನಂತೆ. ಹೆಸರನ್ನು ನೂರಿಪ್ಪತ್ತು ಮೀಟರ್ ಕೆಳಗೆ ಸರಿಸಿದೆ. ಹಾಗಾದರೆ ಮೇಲಿನದರ ಹೆಸರೇನು ಎಂದು ಕೇಳಿದೆ. "ಅದಕ್ಕೆ ಬರೀ ಸಂಕ ಎಂದೇ ಹೇಳುತ್ತಿದ್ದೆವು" ಎಂದಳು. ಆ ಜಾಗವನ್ನು ಖಾಲಿ ಬಿಟ್ಟು ಉಳಿಸಿದ್ದೇನೆ.